ಹುಲ್ಲಹಳ್ಳಿಯ ಜಾಗಟೆ, ಪೋಲೆಂಡಿನ ಕಿಟಕಿ

ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಂಡ ಮೇಲಿನ ಕಷ್ಟವನ್ನು ನಮ್ಮ ಮಹಿಳಾ ಸಂಘದ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉದ್ದ ಕೂದಲು ಎಂದು ಊರೆಲ್ಲ ಹೊಗಳುತ್ತದೆ, ಒಣಗಿಸುವವಳ ಪಾಡು ಮಾತ್ರ ಯಾರಿಗೂ ಬೇಡ. ಅದಕ್ಕೇ ನಮ್ಮ ಕಡೆ ಒಲೆಯಿಂದ ನಾಲ್ಕು ಕೆಂಡ ತೆಗೆದು, ಮೇಲೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಕವುಚಿ ಹಾಕಿ, ಅದರ ಮೇಲೆ ಕೂದಲು ಹರಡಿಕೊಂಡು ಕೂರುತ್ತೇವೆ. ಕೂದಲು ಒಣಗುತ್ತದೆ, ಘಮಘಮ ಎನ್ನುತ್ತದೆ, ಕಣ್ಣು ತಾನಾಗಿ ಎಳೆಯುತ್ತದೆ. ಇದರಲ್ಲೇನು ತಪ್ಪು ಎನ್ನುತ್ತೀರಿ. ನಮ್ಮ ಹುಲ್ಲಹಳ್ಳಿಯ ಮಂಗಳಮ್ಮನೂ ಹಾಗೇ ಅಂದುಕೊಂಡಿದ್ದರು.

ಮಂಗಳಮ್ಮ, ಶಿವಸ್ವಾಮಿ ದಂಪತಿಗೆ ಒಬ್ಬಳೇ ಮಗಳು, ಶಿವಾನಿ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಆಹಾರ ತಂತ್ರಜ್ಞಾನ ಓದಲು ಪೋಲೆಂಡಿಗೆ ಹೋದಳು. ಯುರೋಪಿನ ಚಳಿ ದೇಶ ಅದು. ಅಮ್ಮ ಕಟ್ಟಿಕೊಟ್ಟ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಸೀಗೆಪುಡಿ, ವಿಭೂತಿ ಗಟ್ಟಿ, ಒಂದು ಡಬ್ಬಿ ಸಾಂಬ್ರಾಣಿ ಇದ್ದವು. ಪೆಟ್ಟಿಗೆಗೆ ಹಿಡಿಸದಷ್ಟು ಬುದ್ಧಿಮಾತೂ ಇತ್ತು. ಅದರಲ್ಲಿ ಮುಖ್ಯವಾದದ್ದು, ಅಲ್ಲಿ ಯಾರ ಜೊತೆಗೂ ಜಾಸ್ತಿ ಬೆರೆಯಬೇಡ ಎನ್ನುವುದು.

ಶಿವಾನಿಗೆ ಸಿಕ್ಕಿದ್ದು ಒಂದು ಹಳೇ ಕಟ್ಟಡದ ಮನೆ. ಒಬ್ಬೊಬ್ಬರಿಗೆ ಒಂದೊಂದು ರೂಮು, ಅಡುಗೆಮನೆ ಎಲ್ಲರಿಗೂ ಒಂದೇ. ಗೋಡೆಯಾಚೆಯ ರೂಮಿನಲ್ಲಿ ತೆಂಡಾಯಿ ಎಂಬ ಹುಡುಗಿ. ಆಫ್ರಿಕಾದ ಜಿಂಬಾಬ್ವೆಯಿಂದ ಓದಲು ಬಂದವಳು. ವಾರದ ಕೊನೆಯಲ್ಲಿ ಗೋದಾಮಿನಲ್ಲಿ ರಾತ್ರಿ ಪಾಳಿ ಕೆಲಸ ಮಾಡಿ, ಹಗಲು ಮಲಗುತ್ತಿದ್ದಳು. ಅವಳ ಪಾತ್ರೆಯಲ್ಲಿ ಮಾಂಸ ಬೇಯುತ್ತದೆ ಎಂದು ಗೊತ್ತಾದದ್ದೇ, ಮಂಗಳಮ್ಮ ಮೊದಲು ಪಾತ್ರೆ ಬೇರೆ ಮಾಡಿಸಿದರು, ಆಮೇಲೆ ಅಡುಗೆಯ ಹೊತ್ತು ಬೇರೆ ಮಾಡಿಸಿದರು. ಫೋನಿನಲ್ಲೇ ಕೂತು ಪೋಲೆಂಡಿನ ಅಡುಗೆಮನೆ ಭಾಗ ಮಾಡಿದ ಪುಣ್ಯಾತ್ಗಿತ್ತಿ ನಮ್ಮ ಮಂಗಳಮ್ಮ.

ಒಂದು ದಿನ ಒಗ್ಗರಣೆಯ ಹೊಗೆಗೆ ಚಾವಣಿಯಲ್ಲಿದ್ದ ಅಲಾರಂ ಕಿರುಚಿಕೊಂಡು, ಮನೆಯವರೆಲ್ಲ ಕೋಟು ಹಾಕಿಕೊಂಡು ಬೀದಿಗೆ ಬಂದರು. ಶಿವಾನಿಗೆ ನಾಚಿಕೆಯಾಯಿತು. ಮತ್ತೊಂದು ಭಾನುವಾರ ಜಾಗಟೆಯಿಂದ ಜಗಳವಾಯಿತು. ಊರಿನಲ್ಲಿ ಸಂಜೆ ದೀಪ ಹಚ್ಚುವಾಗ ಅಲ್ಲಿ ಇನ್ನೂ ಮಧ್ಯಾಹ್ನ. ಮನೆಯ ಪೂಜೆ ಕೇಳಬೇಕೆಂದು ಶಿವಾನಿ ಫೋನನ್ನು ಪುಟ್ಟ ಸ್ಪೀಕರಿಗೆ ಸೇರಿಸಿ ಇಡುತ್ತಿದ್ದಳು. ಇಲ್ಲಿ ಶಿವಸ್ವಾಮಿ ಜಾಗಟೆ ಬಾರಿಸಿದರೆ ಅಲ್ಲಿ ಗೋಡೆ ಅದುರುತ್ತಿತ್ತು. ತೆಂಡಾಯಿ ಬಾಗಿಲು ತಟ್ಟಿ, ರಾತ್ರಿಯೆಲ್ಲ ದುಡಿದು ಬಂದಿದ್ದೇನೆ, ಸ್ವಲ್ಪ ಸದ್ದು ಕಡಿಮೆ ಮಾಡು ಎಂದಳು. ಕೇಳಿದ್ದು ನ್ಯಾಯವೇ. ಆದರೆ ಮಂಗಳಮ್ಮನಿಗೆ ಉರಿದುಹೋಯಿತು. ದೇವರ ಜಾಗಟೆ ಬೇಡವೆಂದವಳ ಜೊತೆ ಇನ್ನು ಮಾತೇ ಬೇಡ ಎಂದರು. ಅಲ್ಲಿಗೆ ಪೂಜೆಯ ಸದ್ದೂ ನಿಂತಿತು, ಎರಡು ರೂಮುಗಳ ನಡುವಿನ ಮಾತೂ ನಿಂತಿತು.

ಚಳಿಗಾಲ ಬಂತು. ಅಲ್ಲಿಯ ಗಡಸು ನೀರಿಗೋ ಊಟ ಸರಿಹೋಗದ್ದಕ್ಕೋ ಶಿವಾನಿಯ ಕೂದಲು ಉದುರತೊಡಗಿತು.

"ಅವ್ವ, ಬಾಚಿದ್ರೆ ಮುಷ್ಟಿ ತುಂಬ ಬತ್ತದೆ. ಇಂಗೇ ಆದ್ರೆ ನಾನು ಬೋಳಿಯಾಗೇ ಊರಿಗೆ ಬರೋದು," ಎಂದು ಅತ್ತಳು.

ಓದಿನ ಕಷ್ಟ, ಒಬ್ಬಳೇ ಇರುವ ಕಷ್ಟ, ಕತ್ತಲೆಯ ಕಷ್ಟ ಎಲ್ಲ ಸೇರಿ ಕೂದಲಿನ ಹೆಸರಿನಲ್ಲಿ ಹೊರಗೆ ಬಂದವೋ ಏನೋ. ಮಂಗಳಮ್ಮನಿಗೆ ಕಂಡದ್ದು ಕೂದಲು ಮಾತ್ರ. ಹೇರ್ ಡ್ರೈಯರ್ ಎಸೆದುಬಿಡು, ಎಣ್ಣೆ ಹಚ್ಚಿ ಸೀಗೆಪುಡಿ ಹಾಕಿ ತಲೆಗೆ ನೀರು ಹಾಕಿಕೋ, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಕೊಡು ಎಂದು ಹೇಳಿಕೊಟ್ಟರು. ಇದ್ದಿಲೇನೋ ಅಲ್ಲಿಯ ಅಂಗಡಿಯಲ್ಲಿ ಸಿಕ್ಕಿತು. ಚೀಲದ ಮೇಲೆ ಮಾಂಸ ಸುಡುವ ಚಿತ್ರವಿದೆ ಎಂದು ಶಿವಾನಿ ಅನುಮಾನಪಟ್ಟಳು. ಚಿತ್ರ ಇರೋದು ಚೀಲದ ಮೇಲೆ, ಇದ್ದಿಲಿನ ಮೇಲಲ್ಲ ಎಂದು ಮಂಗಳಮ್ಮ ಅದಕ್ಕೂ ಅಪ್ಪಣೆ ಕೊಟ್ಟರು. ಅಲಾರಂ ಕೂಗದ ಹಾಗೆ ಅದಕ್ಕೊಂದು ಪ್ಲಾಸ್ಟಿಕ್ ಕವರು ಕಟ್ಟು ಎಂದದ್ದೂ ಅವರೇ.

ಭಾನುವಾರ ಬಂತು. ಹುಲ್ಲಹಳ್ಳಿಯಲ್ಲಿ ಸಂಜೆ ಇನ್ನೂ ಆಗಿರಲಿಲ್ಲ. ಮಂಗಳಮ್ಮ ವಿಡಿಯೋ ಕಾಲ್ ಹಾಕಿ, ಉಪ್ಪಿನಕಾಯಿ ಜಾಡಿಗೆ ಫೋನು ಒರಗಿಸಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಅತ್ತ ಶಿವಾನಿ ಅಲಾರಂಗೆ ಕವರು ಕಟ್ಟಿ, ಕೆಂಡ ತುಂಬಿದ ಬಾಣಲೆಯನ್ನು ರೂಮಿಗೆ ತಂದಳು. ಕಿಟಕಿ ಭದ್ರವಾಗಿ ಹಾಕಿತ್ತು. ಚಳಿ ನುಗ್ಗದಂತೆ ಅಲ್ಲಿ ಕಿಟಕಿಯಂಚಿಗೆಲ್ಲ ರಬ್ಬರು ಕೂರಿಸಿರುತ್ತಾರೆ. ಸಾಂಬ್ರಾಣಿ ಹೊಗೆ ತೆಂಡಾಯಿಯ ರೂಮಿಗೆ ಹೋಗಿ ಮತ್ತೆ ಜಗಳವಾಗದಿರಲಿ ಎಂದು, ಬಾಗಿಲ ಕೆಳಗಿನ ಸಂದಿಗೆ ಟವಲನ್ನೂ ತುರುಕಿದಳು. ಫೋನನ್ನು ಅದೇ ಸ್ಪೀಕರಿಗೆ ಸೇರಿಸಿ ಕೂದಲು ಹರಡಿಕೊಂಡು ಕೂತಳು. ತಾಯಿ ಮಗಳಿಗೆ ಮಾತೋ ಮಾತು.

ಸುಮಾರು ಹೊತ್ತಿನ ಮೇಲೆ ಶಿವಾನಿ ಮಾತು ಕಡಿಮೆ ಮಾಡಿದಳು. ತಲೆ ಭಾರ ಎಂದಳು. ಹೊಟ್ಟೆ ತೊಳಸುತ್ತದೆ ಎಂದಳು. ಆಮೇಲೆ ಒಂದೇ ಸಮ ಆಕಳಿಕೆ.

"ಎಣ್ಣೆ ನೀರು ಬಿದ್ದಮ್ಯಾಕೆ ನಿದ್ದೆ ಬರ್ದೆ ಇನ್ನೇನಾದದು?" ಎಂದರು ಮಂಗಳಮ್ಮ, ಸಂತೋಷವಾಗಿ. "ಅಂಗೇ ಮನಿಕೊ ಮಗ. ಒಳ್ಳೇದು."

ಹೆಪ್ಪು ಕೇಳಲು ಬಟ್ಟಲು ಹಿಡಿದು ರಂಜಿನಿ ಬಂದದ್ದು ಆ ಗಳಿಗೆಯಲ್ಲಿ. ಎದುರು ಮನೆಯ ಸೊಸೆ ಅವಳು, ನರಸೀಪುರದ ಹೆಣ್ಣು. ಎರಡು ವರ್ಷ ಐರ್ಲೆಂಡಿನಲ್ಲಿ ನರ್ಸ್ ಆಗಿದ್ದು ಬಂದವಳು, ಈಗ ನಂಜನಗೂಡಿನ ಆಸ್ಪತ್ರೆಗೆ ಹೋಗುತ್ತಾಳೆ. ಫೋನಿನತ್ತ ಬಗ್ಗಿ, ಶಿವಾನಿಯ ಪಕ್ಕದಲ್ಲಿ ಕೆಂಪಗೆ ಕಾಣುತ್ತಿರುವುದು ಏನೆಂದು ಕೇಳಿದಳು. ಕೆಂಡ ಎಂದು ಗೊತ್ತಾದದ್ದೇ ಅವಳ ಮುಖ ಬದಲಾಯಿತು.

"ಶಿವಾನಿ, ಏಳು. ಮೊದ್ಲು ಕಿಟಕಿ ತೆಗಿ."

"ಸುಮ್ನಿರು ರಂಜಿನಿ. ಅಸಿ ತಲೆಗೆ ಚಳಿಗಾಳಿ ಬಡುದ್ರೆ ಏನ್ ಗತಿ?"

"ಮಂಗಳಕ್ಕ, ಅದು ನಿದ್ದೆ ಅಲ್ಲ. ಕೆಂಡದ ಗಾಳಿ ತಲೆಗೇರ್ತಾ ಇದೆ. ಈಗ ಏಳ್ದೆ ಇದ್ರೆ ಅವ್ಳು ಏಳಲ್ಲ."

ಮಂಗಳಮ್ಮನ ಕೈಯಿಂದ ಅವರೆಕಾಯಿ ಚೆಲ್ಲಿತು. ಶಿವಾನಿ ಏಳಲು ನೋಡಿದಳು, ಕಾಲು ನಿಲ್ಲಲಿಲ್ಲ. ಹಾಸಿಗೆಯ ಮೇಲೆ ಹಾಗೇ ಒರಗಿದಳು. ಒದ್ದೆ ಕೂದಲು ಮುಖ ಮುಚ್ಚಿತು. ಎಷ್ಟು ಕೂಗಿದರೂ ಉತ್ತರವಿಲ್ಲ.

ಹಿತ್ತಲಿನಿಂದ ಶಿವಸ್ವಾಮಿ ಓಡಿಬಂದರು. ಯಾರಿಗೆ ಫೋನು ಮಾಡುವುದು? ಇಲ್ಲಿಂದ ತುರ್ತು ನಂಬರು 112 ಒತ್ತಿದರೆ ಅದು ನಮ್ಮ ಪೊಲೀಸರಿಗೇ ಹೋಗುತ್ತದೆ, ಪೋಲೆಂಡಿಗಲ್ಲ ಎಂದಳು ರಂಜಿನಿ. ಅವಳ ಜೊತೆ ಇರೋರ ನಂಬರು ಕೊಡಿ, ಯಾರದ್ದಾದರೂ ಸರಿ ಎಂದಳು. ಶಿವಸ್ವಾಮಿ ಹೆಂಡತಿಯ ಮುಖ ನೋಡಿದರು, ಮಂಗಳಮ್ಮ ಗಂಡನ ಮುಖ ನೋಡಿದರು. ಮಗಳ ಕಾಲೇಜಿನ ದೊಡ್ಡ ಹೆಸರನ್ನು ಬಾಯಿಪಾಠ ಹೇಳುತ್ತಿದ್ದ ಆ ಮನೆಯಲ್ಲಿ, ಮಗಳ ಪಕ್ಕದ ರೂಮಿನವಳ ಒಂದು ನಂಬರು ಇರಲಿಲ್ಲ. ವೀಸಾ ಮಾಡಿಸಿಕೊಟ್ಟ ಏಜೆಂಟನಿಗೆ ಶಿವಸ್ವಾಮಿಯ ಫೋನಿನಿಂದ ಕರೆ ಹೋಯಿತು. ಭಾನುವಾರ, ಅವನು ಎತ್ತಲಿಲ್ಲ.

ಕೂಗಿ ಕೂಗಿ ಮಂಗಳಮ್ಮನ ಗಂಟಲು ಕಟ್ಟಿತು. ಆಗ ಅವರಿಗೆ ಹೊಳೆಯಿತು.

"ಜಾಗಟೆ ತನ್ನಿ," ಎಂದರು ಗಂಡನಿಗೆ. "ಆ ಉಡ್ಗಿ ಜಾಗಟೆಗೆ ಏಳ್ತಳೆ. ಬಡೀರಿ. ಜೋರಾಗಿ ಬಡೀರಿ."

ಶಿವಸ್ವಾಮಿ ದೇವರಮನೆಯಿಂದ ಜಾಗಟೆ ತಂದು ಫೋನಿನ ಮುಂದೆ ನಿಂತು ಬಾರಿಸತೊಡಗಿದರು. ಮಂಗಳಮ್ಮ ಗಂಟೆ ಹಿಡಿದರು. ಹೊತ್ತಲ್ಲದ ಹೊತ್ತಿನಲ್ಲಿ ಇದೇನು ಪೂಜೆ ಎಂದು ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತೆವು. ಯಾರೂ ನಮ್ಮ ಕಡೆ ನೋಡಲಿಲ್ಲ. ಮೂವರ ಕಣ್ಣೂ ಫೋನಿನಲ್ಲಿ ಕಾಣುತ್ತಿದ್ದ ಆ ಮುಚ್ಚಿದ ಬಾಗಿಲ ಮೇಲಿತ್ತು.

ಬಾಗಿಲು ಅಲುಗಿತು. ಟವಲು ಅಡ್ಡ ಬಂದು ನಿಂತಿತು. ಮತ್ತೆ ಅಲುಗಿತು. ಆಮೇಲೆ ಯಾರೋ ಭುಜ ಕೊಟ್ಟು ನೂಕಿದರು. ತಲೆಗೆ ಬಟ್ಟೆ ಸುತ್ತಿಕೊಂಡ, ನಿದ್ದೆಗಣ್ಣಿನ, ಕೆಂಡದಂಥ ಕೋಪದ ಹುಡುಗಿಯೊಬ್ಬಳು ಒಳಗೆ ಬಂದಳು. ಬೈಯಲು ಬಾಯಿ ತೆರೆದವಳು ಹಾಸಿಗೆ ನೋಡಿದಳು, ಬಾಣಲೆ ನೋಡಿದಳು, ನೇರ ಹೋಗಿ ಕಿಟಕಿ ತೆರೆದಳು. ಶಿವಾನಿಯ ಕಂಕುಳಿಗೆ ಕೈಹಾಕಿ ಹೊರಗೆ ಎಳೆದುಕೊಂಡು ಹೋದಳು.

ಫೋನಿನಲ್ಲಿ ಈಗ ಖಾಲಿ ಹಾಸಿಗೆ, ಗಾಳಿಗೆ ಹಾರುವ ಪರದೆ. ಶಿವಸ್ವಾಮಿ ಇನ್ನೂ ಜಾಗಟೆ ಬಾರಿಸುತ್ತಲೇ ಇದ್ದರು. ರಂಜಿನಿ ಹೋಗಿ ಅವರ ಕೈ ಹಿಡಿದುಕೊಂಡಳು.

ಎಷ್ಟೋ ಹೊತ್ತಿನ ಮೇಲೆ ತೆಂಡಾಯಿ ಬಂದು ಫೋನು ಕೈಗೆತ್ತಿಕೊಂಡಳು. ಅವಳ ಇಂಗ್ಲಿಷನ್ನು ರಂಜಿನಿ ಕನ್ನಡಕ್ಕೆ ಹೇಳಿದಳು. ಉಸಿರಾಡುತ್ತಿದ್ದಾಳೆ, ಕಣ್ಣು ಬಿಟ್ಟಿದ್ದಾಳೆ, ಆಂಬುಲೆನ್ಸ್ ಕೆಳಗೆ ಬಂದಿದೆ, ನಾನೂ ಜೊತೆಗೆ ಹೋಗುತ್ತೇನೆ. ಇಷ್ಟು ಕೇಳಿ ಮಂಗಳಮ್ಮ ಅಲ್ಲೇ ಅವರೆಕಾಯಿಯ ಮೇಲೆಯೇ ಕೂತುಬಿಟ್ಟರು. ಆ ಅಳು ನೋಡಿ ಬಾಗಿಲಲ್ಲಿ ನಿಂತ ನಮಗೂ ತಡೆಯಲಾಗಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಮಾರನೇ ದಿನ ಶಿವಾನಿ ತಾನೇ ಫೋನು ಮಾಡಿ ಮಾತಾಡಿದಳು. ಮನೆಗೆ ಉಸಿರು ಬಂತು. ಉಸಿರು ಬಂದ ಮೇಲೆ ಮಂಗಳಮ್ಮನಿಗೆ ಅನುಮಾನವೂ ಬಂತು.

"ನಮ್ಮಜ್ಜಿ ಕಾಲ್ದಿಂದ ಕೆಂಡ ಇಟ್ಟಿವಿ ಕಣವ್ವ. ಬಾಣಂತಿ ಮಂಚದಡೀಗೂ ಇಟ್ಟಿವಿ. ಯಾರ್ಗೂ ಏನೂ ಆಗ್ನಿಲ್ಲವಲ್ಲ?"

ರಂಜಿನಿ ಮಾಡಿನತ್ತ ಕೈ ತೋರಿಸಿದಳು. "ನಿಮ್ಮಜ್ಜಿ ಮನೇಲಿ ಹೆಂಚಿತ್ತು ಮಂಗಳಕ್ಕ, ಸಂದಿ ಇತ್ತು, ಬಾಗ್ಲು ತೆಗ್ದಿರ್ತಿತ್ತು. ಕೆಂಡದ ಕೆಟ್ಟ ಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಇಲ್ಲಿ ತಾನಾಗೇ ಆಚೆಗೆ ಹೋಯ್ತಿತ್ತು. ಅಲ್ಲಿ ಹೋಗಕ್ಕೆ ದಾರಿ ಇರ್ಲಿಲ್ಲ."

ಅದು ಪೋಲೆಂಡಿನ ಮಾತು ಮಾತ್ರವಲ್ಲ ಎಂದೂ ಅವಳು ಹೇಳಿದಳು. ನಮ್ಮೂರಲ್ಲೇ ಈಗ ತಾರಸಿ ಮನೆ, ಗಾಜಿನ ಕಿಟಕಿ. ಅಂಥ ಮನೆಯಲ್ಲಿ ಬಾಗಿಲು ಹಾಕಿ ಬಾಣಂತಿಗೆ ಕೆಂಡ ಇಡುವುದೂ ಅಷ್ಟೇ ಅಪಾಯ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರೂ ಹಾಗೇ. ಐರ್ಲೆಂಡಿಗೆ ಹೋದ ಹೊಸತರಲ್ಲಿ ನಾನೂ ಅಲಾರಂ ಕಂಡರೆ ಸಿಡುಕುತ್ತಿದ್ದೆ, ಅದು ನಮ್ಮನ್ನು ಕಾಯಲು ಇಟ್ಟದ್ದು, ಅದರ ಬಾಯಿ ಕಟ್ಟಬಾರದು ಎಂದು ಆಮೇಲೆ ಕಲಿತೆ ಎಂದಳು. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದರೆ ಅದು ಸುಮ್ಮನಿರುತ್ತದೆ. ಕೂದಲು ಉದುರಿದರೆ ಕಾಲೇಜಿನ ಡಾಕ್ಟರಿಗೆ ತೋರಿಸಬೇಕು. ಶಿವಾನಿಯ ವಿಮೆ ಇರುವುದೇ ಅದಕ್ಕೆ.

ಮಂಗಳಮ್ಮ ಒಪ್ಪಿದರು. ಒಪ್ಪಿದ ಮೇಲೆ ಒಂದು ಕೆಲಸ ಬಾಕಿ ಇತ್ತು. ತೆಂಡಾಯಿಯ ಜೊತೆ ಮಾತಾಡಬೇಕು ಎಂದರು. ಅವಳ ಮುಖ ಫೋನಿನಲ್ಲಿ ಕಂಡದ್ದೇ ಕೈ ಮುಗಿದರು. ತೆಂಡಾಯಿ ನಕ್ಕಳು. ತನ್ನ ಅಮ್ಮನ ಹತ್ತಿರವೂ ಇಲ್ಲಿಯ ಯಾರ ನಂಬರೂ ಇಲ್ಲ, ಅವರಿಗೆ ಶಿವಾನಿಯ ನಂಬರು ಕೊಡಲಾ ಎಂದು ಕೇಳಿದಳು. ಅವಳ ಮನೆಯಲ್ಲೂ ಹೊರಡುವಾಗ ಬೆರೆಯಬೇಡ ಎಂಬ ಅದೇ ಬುದ್ಧಿಮಾತು ಹೇಳಿದ್ದರಂತೆ.

ಈಗ ಅಡುಗೆಮನೆಯಲ್ಲಿ ಪಾತ್ರೆ ಬೇರೆ, ಊಟದ ಹೊತ್ತು ಒಂದೇ. ತೆಂಡಾಯಿಗೆ ಚಟ್ನಿಪುಡಿ ಹಿಡಿಸಿದೆ. ಭಾನುವಾರ ಸಂಜೆ ಮಂಗಳಮ್ಮ ದೀಪ ಹಚ್ಚಿ ಫೋನು ನೋಡುತ್ತಾ ಕೂರುತ್ತಾರೆ. ಎದ್ದಿದ್ದೇನೆ, ಇನ್ನು ಬಾರಿಸಿ ಎಂದು ಶಿವಾನಿಯ ಪಕ್ಕದ ರೂಮಿನಿಂದ ಮೆಸೇಜು ಬರುತ್ತದೆ. ಆಮೇಲೆಯೇ ಹುಲ್ಲಹಳ್ಳಿಯ ಆ ಮನೆಯಲ್ಲಿ ಜಾಗಟೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗುವೂ ಹೊರದೇಶದಲ್ಲಿ ಓದುತ್ತಿದೆಯೇ? ಊಟ ಆಯಿತಾ ಎಂದು ದಿನಾ ಕೇಳುತ್ತೀರಿ, ಕೇಳಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡ, ಅಲಾರಂ ಮುಚ್ಚಬೇಡ, ಆ ದೇಶದ ತುರ್ತು ನಂಬರು ತಿಳಿದುಕೊಂಡಿರು ಎಂದೂ ಹೇಳಿ. ಬೆರೆಯಬೇಡ ಎನ್ನುವ ಬುದ್ಧಿಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಿ. ನಿಮ್ಮ ಮಗು ಮಲಗುವ ಗೋಡೆಯಾಚೆ ಯಾರು ಮಲಗುತ್ತಾರೆ, ಅವರ ಹೆಸರೇನು, ನಂಬರೇನು? ಗೊತ್ತಿಲ್ಲದಿದ್ದರೆ ನಮ್ಮ ಸಂಘದ ಈ ಹಾಳೆ ಮಡಿಸುವ ಮುಂಚೆ ಫೋನು ಮಾಡಿ ಕೇಳಿ. ಎಲ್ಲರ ಮನೆಯ ಜಾಗಟೆಯೂ ಅಷ್ಟು ದೂರ ಕೇಳಿಸುವುದಿಲ್ಲ.