ಬ್ರೂನರ್ ದೊರೆಯ ಚಪ್ಪಟೆ ಕಾರು

ಬೋಳಾರದ ಹೊಳೆಬದಿಯಲ್ಲಿ, ಹಂಚಿನ ಕಾರ್ಖಾನೆಗಳ ನಡುವೆ, ಒಂದು ಕಾಲದಲ್ಲಿ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ! ಕಂಕನಾಡಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಈ ಮಾತಿಗೆ ಹೊಸ ಡ್ರೈವರುಗಳು ನಕ್ಕಾಗಲೆಲ್ಲ ಗುಣಪಾಲನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ನಗಿ ಮಾರಾಯ್ರೆ, ನಗಿ. ನೀವು ಅಂಬಾಸಡರಿನಲ್ಲೇ ಹುಟ್ಟಿ ಅಂಬಾಸಡರಿನಲ್ಲೇ ಮುದುಕರಾಗುವವರು," ಎನ್ನುತ್ತಿದ್ದ. ಈಗ ಅವನು ಓಡಿಸುವುದೂ ಅಂಬಾಸಡರೇ ಎಂಬುದು ಬೇರೆ ಮಾತು.

ಆ ಕಾರು ಮಾಡಿದವರು ಬ್ರೂನರ್ ದೊರೆ. ಸ್ವಿಟ್ಜರ್ಲೆಂಡಿನವರು, ಎಪ್ಪತ್ತೊಂದರಲ್ಲಿ ಬಂದು ಶೆಡ್ಡು ಹಾಕಿದರು. ಹಂಚಿಗೆ, ದೋಣಿಗೆ ಅಚ್ಚು ತೆಗೆಯುವ ಕೈಗಳು ಈ ಊರಲ್ಲಿದ್ದಷ್ಟು ಬೇರೆಲ್ಲೂ ಇಲ್ಲ ಎಂಬುದು ಅವರ ಲೆಕ್ಕ. ದೋಣಿ ಕಟ್ಟುತ್ತಿದ್ದ ಸಿಪ್ರಿಯನ್ ಮರದಲ್ಲಿ ಕಾರಿನ ಅಚ್ಚು ಕೆತ್ತಿದ, ಅದರ ಮೇಲೆ ಫೈಬರ್ ಹಾಸಿ ಮೈ ಎಬ್ಬಿಸಿದರು. ಎರಡೇ ಸೀಟು, ಸೊಂಟದೆತ್ತರ, ಕುಂಕುಮದ ಕೆಂಪು. ಊರು ಅದಕ್ಕೆ ಚಪ್ಪಟೆ ಕಾರು ಎಂದು ಹೆಸರಿಟ್ಟಿತು. ಪರೀಕ್ಷೆಗೆ ಓಡಿಸುವವನು ಗುಣಪಾಲ. ಬಸ್ಸಿನ ಕಂಡಕ್ಟರುಗಳು ಮೇಲಿನಿಂದ ಬಗ್ಗಿ, "ಎಂತ ಗುಣಪಾಲ, ಮಲಗಿಕೊಂಡು ಎಲ್ಲಿಗೆ?" ಎಂದು ಕಿಚಾಯಿಸುತ್ತಿದ್ದರು. ಅವನು ಉತ್ತರ ಕೊಡುವ ಮೊದಲೇ ಬಸ್ಸು ಹಿಂದೆ ಬಿದ್ದಿರುತ್ತಿತ್ತು.

ಎಂಥ ದಿನಗಳವು! ಸಂಜೆ ಹಂಚಿನ ಭಟ್ಟಿಯ ಹೊಗೆ, ಫೈಬರಿನ ಅಂಟಿನ ಘಾಟು, ಹೊಳೆಯ ಉಪ್ಪುಗಾಳಿ ಎಲ್ಲ ಒಟ್ಟಿಗೆ ಮೂಗಿಗೆ ಬಡಿಯುತ್ತಿತ್ತು. ಫೈಬರಿನ ಪುಡಿಗೆ ಮೈಯೆಲ್ಲ ತುರಿಸಿ ಸಿಪ್ರಿಯನ್ ತೆಂಗಿನೆಣ್ಣೆ ಮೆತ್ತಿಕೊಂಡು ಕೂರುತ್ತಿದ್ದ. ದೊರೆ ಚಹಾದಲ್ಲಿ ಬನ್ಸ್ ಅದ್ದಿ ತಿನ್ನುತ್ತ, ತಮ್ಮ ಹರಕು ಕನ್ನಡದಲ್ಲಿ, "ಮುಂದಿನ ವರ್ಷ ನೂರು ಕಾರು," ಎನ್ನುತ್ತಿದ್ದರು. ಪ್ರತಿ ವರ್ಷವೂ ಅದೇ ಮಾತು. ಆದರೂ ಎಲ್ಲರೂ ನಂಬುತ್ತಿದ್ದರು, ಗುಣಪಾಲನಂತೂ ಎಲ್ಲರಿಗಿಂತ ಹೆಚ್ಚು.

ನೂರು ಎಲ್ಲಿಂದ ಬರಬೇಕು? ಬೊಂಬಾಯಿಯ ಶ್ರೀಮಂತರು, ಘಟ್ಟದ ಮೇಲಿನ ಎಸ್ಟೇಟಿನವರು ಒಂದೆರಡು ಕೊಂಡರು, ಅಷ್ಟೆ. ಒಮ್ಮೆ ಟಯರು ಇಲ್ಲ, ಒಮ್ಮೆ ಲೈಸೆನ್ಸ್ ಇಲ್ಲ. ಕೊನೆಗೆ ಕಾನೂನೇ ಬಂತು: ಪರದೇಶದವರು ಕಂಪೆನಿಯ ದೊಡ್ಡ ಪಾಲು ಇಟ್ಟುಕೊಳ್ಳುವ ಹಾಗಿಲ್ಲ, ಇಲ್ಲಿಯವರಿಗೆ ಬಿಟ್ಟುಕೊಡಬೇಕು. ಕೊಡಲು ದೊರೆ ತಯಾರು, ಕೊಳ್ಳುವವರು ಬೇಕಲ್ಲ! ಎಪ್ಪತ್ತೆಂಟರಲ್ಲಿ ಹೋಟೆಲು ಉದ್ಯಮದ ತಾರಾನಾಥ ಶೆಟ್ಟರು ಮನಸ್ಸು ಮಾಡಿದರು. ಒಂದೇ ಷರತ್ತು: ಗಾಡಿಯಲ್ಲಿ ತಾವೇ ಕೂತು ನೋಡಬೇಕು. ಅವರು ಒಪ್ಪಿದರೆ ಕಂಪೆನಿ ಉಂಟು, ಇಲ್ಲದಿದ್ದರೆ ಬಾಗಿಲು ಹಾಕುವುದೇ.

ಬೋಳಾರದಿಂದ ತಲಪಾಡಿಯ ಗಡಿಗೆ ಓಟ. ಕಾರು ಬಿಡುವ ಹೊತ್ತು ಗೊತ್ತುಮಾಡಿ, ದೊರೆ ಸ್ಟಾಪ್‌ವಾಚ್ ಹಿಡಿದು ಮೊದಲೇ ತಲಪಾಡಿಗೆ ಹೊರಟರು. ಹೊರಡುವಾಗ ಗುಣಪಾಲನ ಹೆಗಲು ಹಿಡಿದು, "ಎಲ್ಲೂ ನಿಲ್ಸಬೇಡ. ಎಲ್ಲೂ!" ಎಂದರು.

ಶೆಟ್ಟರು ಬಿಳಿ ಪಂಚೆ ಸಂಭಾಳಿಸುತ್ತ ಕಾರಿನೊಳಗೆ ಇಳಿಯುವಷ್ಟರಲ್ಲಿ ಅರ್ಧ ಬೋಳಾರ ಸೇರಿ ನಕ್ಕಿತು. ಕಾರು ಹೊರಟ ಮೇಲೆ ಯಾರೂ ನಗಲಿಲ್ಲ. ಜೆಪ್ಪಿನಮೊಗರು ಕಳೆದು ನೇತ್ರಾವತಿ ಸೇತುವೆ ಹತ್ತುವಾಗ ಶೆಟ್ಟರು ಮಗುವಿನ ಹಾಗೆ "ಹೋಯ್!" ಎಂದು ಕೂಗಿದರು. ಗುಣಪಾಲನ ಎದೆ ಉಬ್ಬಿತು. ಕಂಪೆನಿ ಉಳಿಯಿತು ಎಂದುಕೊಂಡ.

ಸೇತುವೆ ಇಳಿದ ಕೂಡಲೇ ಎಡಕ್ಕೆ, ಗೋಳಿಮರದ ಬುಡದಲ್ಲಿ, ದೈವದ ಕಾಣಿಕೆ ಡಬ್ಬಿ. ಬಸ್ಸಾಗಲಿ, ಲಾರಿಯಾಗಲಿ, ಡ್ರೈವರು ಯಾವ ಜಾತಿಯವನೇ ಆಗಲಿ, ಅಲ್ಲಿ ನಿಲ್ಲಿಸಿ ಒಂದು ಪಾವಲಿ ಹಾಕದೆ ಮುಂದೆ ಹೋಗುವುದಿಲ್ಲ. ಗುಣಪಾಲನೂ ಒಂದು ದಿನ ತಪ್ಪಿಸಿದವನಲ್ಲ. ಅವನ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ಹೋದ ಕಾಲನ್ನು ಎಳೆದುಕೊಂಡ.

"ಎಂತ ಗುಣಪಾಲ, ನಿಲ್ಲಿಸುವುದಿಲ್ವಾ?" ಎಂದರು ಶೆಟ್ಟರು.

"ದೊರೆ ಎಲ್ಲೂ ಬೇಡ ಹೇಳಿದ್ದಾರೆ ಶೆಟ್ರೆ."

ಶೆಟ್ಟರು ತಿರುಗಿ ಗೋಳಿಮರವನ್ನು ನೋಡಿದರು. ಅದು ಆಗಲೇ ಹಿಂದಾಗಿತ್ತು. ಕೂತಲ್ಲಿಂದಲೇ ಅದರ ಕಡೆಗೆ ಕೈಮುಗಿದರು.

ತಲಪಾಡಿಯಲ್ಲಿ ದೊರೆ ಸ್ಟಾಪ್‌ವಾಚ್ ಎತ್ತಿ ಹಿಡಿದು ಕುಣಿದರು. ಶೆಟ್ಟರು ಕೈಕುಲುಕಿ, ಆಲೋಚನೆ ಮಾಡಿ ಹೇಳುತ್ತೇನೆ ಎಂದರು. ಮರುದಿನ ಬೇಡವೆಂದು ಹೇಳಿಕಳಿಸಿದರು. ಕಾರಣ ಹೇಳಲಿಲ್ಲ. ಗುಣಪಾಲ ತಡೆಯಲಾರದೆ ಅವರ ಹೋಟೆಲಿಗೇ ಹೋಗಿ ಕೇಳಿದ.

"ಗಾಡಿ ಬಂಗಾರ ಮಾರಾಯ," ಎಂದರು ಶೆಟ್ಟರು. "ಜನ್ಮದಲ್ಲಿ ಅಂಥದ್ದರಲ್ಲಿ ಕೂತದ್ದಿಲ್ಲ. ಆದರೆ ಊರಿನ ದೈವಕ್ಕೆ ನಿಲ್ಲದ ಕಂಪೆನಿ ನಾಳೆ ನನ್ನ ಮಾತಿಗೆ ನಿಲ್ತದಾ?"

ಇದನ್ನು ದೊರೆಗೆ ಹೇಳಿಬಿಡಬೇಕೆಂದೇ ಗುಣಪಾಲ ಶೆಡ್ಡಿಗೆ ಬಂದ. ದೊರೆ ಬಾನೆಟ್ ತೆರೆದು, ಎಂಜಿನ್ನಿಗೆ ತಲೆ ತೂರಿಸಿ, ತಪ್ಪು ಹುಡುಕುತ್ತಿದ್ದರು. "ಎಂತ ತಪ್ಪು ಗುಣಪಾಲ? ಸ್ಪ್ರಿಂಗ್ ಗಟ್ಟಿಯಾ? ಶೆಟ್ಟಿಗೆ ಬೆನ್ನು ನೋವಾ?" ಎಂದು ಕೇಳಿದರು. ನಿಮ್ಮ ಮಾತೇ ನಿಮ್ಮ ಕಂಪೆನಿಯನ್ನು ಮುಳುಗಿಸಿತು ಎಂದು ಆ ಮುಖ ನೋಡಿ ಹೇಳುವುದು ಹೇಗೆ? "ಗೊತ್ತಿಲ್ಲ ದೊರೆ," ಎಂದ. ಮಳೆ ಹಿಡಿಯುವ ಮೊದಲು ಶೆಡ್ಡಿಗೆ ಬೀಗ ಬಿತ್ತು. ದೊರೆ ತಮ್ಮ ದೇಶಕ್ಕೆ ಹೋದರು.

ಎಂಬತ್ತಾರರಲ್ಲಿ ಒಂದು ಬೆಳಿಗ್ಗೆ ಟ್ಯಾಕ್ಸಿ ಸ್ಟ್ಯಾಂಡಿಗೆ, ಕೊಡೆಯೂರಿಕೊಂಡು ಒಬ್ಬರು ಬಿಳಿಯ ಮುದುಕರು ಬಂದರು. ಗುಣಪಾಲ ಬಾಯಿಬಿಟ್ಟುಕೊಂಡು ನೋಡಿದ. ಬ್ರೂನರ್ ದೊರೆ! ಕ್ಷೇಮಸಮಾಚಾರ ಆಮೇಲೆ, ಅವರು ಮೊದಲು ಕೇಳಿದ್ದು, "ಕಾರು ಉಂಟಾ?"

ಇತ್ತು. ಕೊನೆಯ ಕಾರನ್ನು ಸಿಪ್ರಿಯನ್ ಬಿಟ್ಟುಕೊಟ್ಟಿರಲಿಲ್ಲ. ಅದೇ ಶೆಡ್ಡಿನಲ್ಲಿ ಉಳ್ಳಾಲದ ಮೀನುಗಾರರಿಗೆ ಫೈಬರ್ ದೋಣಿ ಮಾಡಿ ಬದುಕುತ್ತಿದ್ದವನು, ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಗುಣಪಾಲನೊಂದಿಗೆ ಅದನ್ನು ಸ್ಟಾರ್ಟ್ ಮಾಡಿ ನೋಡುತ್ತಿದ್ದ. ದೊರೆಯನ್ನು ಕಂಡದ್ದೇ ಅಂಟಿನ ಕೈಯಲ್ಲೇ ತಬ್ಬಿಕೊಂಡು ಅತ್ತುಬಿಟ್ಟ.

"ಅಲ್ಲಿ ನನ್ನ ಊರಲ್ಲಿ ಒಬ್ಬ ಕೇಳ್ತಾನೆ, ಈ ಕಾರು ಪುನಃ ಮಾಡುವ ಅಂತ," ಎಂದರು ದೊರೆ. "ನಾನು ಇಲ್ಲ ಹೇಳಿದೆ. ತಪ್ಪು ಎಲ್ಲಿ ಅಂತ ಗೊತ್ತಿಲ್ಲದ ಕಾರು ಪುನಃ ಹೇಗೆ ಮಾಡುವುದು? ಎಷ್ಟು ಸಲ ಡ್ರಾಯಿಂಗ್ ತೆಗೆದೆ, ಹರಿದು ಹಾಕಿದೆ. ಗುಣಪಾಲ, ತಲಪಾಡಿಗೆ ಬಿಡು. ನಾನೇ ಕೂತು ನೋಡ್ತೇನೆ."

ಗುಣಪಾಲ ಸ್ಟೀರಿಂಗಿನ ಹಿಂದೆ ಕೂತ. ಇಷ್ಟು ವರ್ಷ ಈ ಮನುಷ್ಯ ಇಲ್ಲದ ತಪ್ಪನ್ನು ಹುಡುಕುತ್ತಿದ್ದರಲ್ಲ!

ಕಾರು ಹೊರಟಿತು. ದೊರೆ ಹಳೆಯ ಸ್ಟಾಪ್‌ವಾಚ್ ಹಿಡಿದು, ಎಂಜಿನ್ನಿಗೆ ಕಿವಿಗೊಟ್ಟು ಕೂತಿದ್ದರು. ಸೇತುವೆ ಇಳಿಯಿತು. ಗುಣಪಾಲ ಗೋಳಿಮರದ ಬುಡದಲ್ಲಿ ನಿಲ್ಲಿಸಿದ.

"ಎಂತ ಆಯ್ತು? ಬ್ರೇಕಾ?" ದೊರೆ ಗಾಬರಿಯಾದರು.

"ಬ್ರೇಕ್ ಅಲ್ಲ ದೊರೆ. ಆ ದಿನ ಇಲ್ಲಿ ನಿಲ್ಲಿಸಲಿಲ್ಲ." ಗುಣಪಾಲ ಶೆಟ್ಟರ ಮಾತನ್ನು ಒಂದಕ್ಷರ ಬಿಡದೆ ಹೇಳಿದ.

ದೊರೆ ಡಬ್ಬಿಯನ್ನು ನೋಡಿದರು.

"ಅಷ್ಟೇನಾ?"

"ಅಷ್ಟೇ."

"ಮತ್ತೆ, ಕಾರು?"

"ಕಾರಿನಲ್ಲಿ ಎಂತದೂ ತಪ್ಪಿರಲಿಲ್ಲ ದೊರೆ. ಬಂಗಾರ ಅಂತ ಶೆಟ್ರೇ ಹೇಳಿದ್ದಾರೆ."

ದೊರೆ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟರು. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಆಮೇಲೆ ಆ ತಗ್ಗಿನ ಸೀಟಿನಿಂದ ಏದುಸಿರು ಬಿಡುತ್ತ ಎದ್ದು, ಕಿಸೆ ತಡಕಾಡಿದರು. ಸಿಕ್ಕಿದ್ದು ಅವರ ದೇಶದ ನಾಣ್ಯ.

"ಇದು ಆಗ್ತದಾ?"

"ಧಾರಾಳ ಆಗ್ತದೆ."

ನಾಣ್ಯ ಹಾಕಿ ಬಂದು ಕೂತರು. ಸ್ಟಾಪ್‌ವಾಚನ್ನು ಕಿಸೆಗೆ ಇಳಿಸಿದರು. ಹಿಂದಿನ ಬಸ್ಸಿನಿಂದ ಕಂಡಕ್ಟರು ಬಗ್ಗಿ, "ಓ ಗುಣಪಾಲಣ್ಣ, ಮಲಗಿಕೊಂಡು ಎಲ್ಲಿಗೆ?" ಎಂದು ಕೂಗಿದ.

"ಹೋಗುವ," ಎಂದರು ದೊರೆ, ಕಣ್ಣೊರೆಸಿಕೊಳ್ಳುತ್ತ. "ಮುಂದಿನ ವರ್ಷ ನೂರು ಕಾರು."

ಗುಣಪಾಲ ಗೇರು ಹಾಕಿದ. ಅವನು ಆ ಮಾತನ್ನು ಈ ಸಲವೂ ನಂಬಿದ.