ಒಂದೇ ತೂಕಕ್ಕೆ ಒತ್ತಿದ ಮುದ್ರೆ

ತಕ್ಕಡಿ ಮೇಸ್ತ್ರಿಯವರು ಊಟಕ್ಕೆ ಕೂತರೆ ಉಪ್ಪನ್ನೂ ಕೇಳುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೂರು ತಿಂಗಳಿಂದ ಅವರು ಯಾರನ್ನೂ ಏನನ್ನೂ ಕೇಳಿರಲಿಲ್ಲ. ನೀರು ಬೇಕಾದರೆ ತಾವೇ ಎದ್ದು ಹೋಗುವರು. ಲೋಟ ಸಿಗದಿದ್ದರೆ ಬಾಯಾರಿಕೆಯನ್ನೇ ಮರೆಯುವರು. ನಲವತ್ತು ವರ್ಷ ಔಷಧದಂಗಡಿಗಳ ತಕ್ಕಡಿ ಸರಿಮಾಡಿದ ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ದೇವರ ಮುಂದೆ ಕೂರುವುದನ್ನೂ ಬಿಟ್ಟಿದ್ದರು. ಅಪ್ಪ ಹೀಗೇ ಇದ್ದರೆ ಅಮ್ಮನ ದಾರಿ ಹಿಡಿಯುವುದು ಖಂಡಿತವೆಂದು ಮಗಳಿಗೆ ದಿಗಿಲು.

ಅವಳು ಆನ್‌ಲೈನಿನಲ್ಲಿ ಒಬ್ಬ ಆಪ್ತಸಮಾಲೋಚಕಿಯನ್ನು ಗೊತ್ತುಮಾಡಿದಳು. ಮೊದಲು ಒಂದು ಅರ್ಜಿ ತುಂಬಬೇಕಿತ್ತು. ನಿಮ್ಮ ಆತಂಕ ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಎಂದು ಅದರಲ್ಲಿ ಕೇಳಿತ್ತು. ಸೊನ್ನೆಯನ್ನು ಪರೀಕ್ಷಿಸಿದವರು ಯಾರು ಎಂದು ಮೇಸ್ತ್ರಿಯವರು ಬರೆದರು.

ಮಗಳು ಟ್ಯಾಬ್ಲೆಟ್ ಎದುರಿಗಿಟ್ಟು, ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಇನ್ನು ಯಾರಿಗೂ ಕೇಳಿಸುವುದಿಲ್ಲವೆಂದು ಹೇಳಿ ಅಡುಗೆಮನೆಗೆ ಹೋದಳು. ಅವಳು ಹೇಳಿದ್ದು ಸಮಾಲೋಚಕಿಯ ಮಾತಿನ ವಿಷಯ. ಮೇಸ್ತ್ರಿಯವರಿಗೆ ಅಡುಗೆಮನೆಯ ಪಾತ್ರೆಗಳ ಸದ್ದು ನಿಂತುಹೋಯಿತು. ಆ ಸದ್ದು ತಮಗೆ ಕೇಳದ ಮೇಲೆ ತಮ್ಮ ಸದ್ದೂ ಅಲ್ಲಿಗೆ ಕೇಳದೆಂದು ಅವರು ತೀರ್ಮಾನಿಸಿದರು. ತಕ್ಕಡಿಯವರ ಲೆಕ್ಕ ಅದು: ಎರಡೂ ತಟ್ಟೆ ಸಮ.

ಸಮಾಲೋಚಕಿ ಮಗಳಿಗಿಂತ ಚಿಕ್ಕವಳು. ಅವಳ ಬೆನ್ನ ಹಿಂದಿನ ಪುಸ್ತಕದ ಹಲಗೆ ಎಡಕ್ಕೆ ಅರ್ಧ ಬೆರಳು ಇಳಿದಿದೆಯೆಂದು, ತಕ್ಕಡಿ ಸರಿಮಾಡುವವನ ಕಣ್ಣಿಗೆ ಅದು ತಪ್ಪದೆಂದು ಮೇಸ್ತ್ರಿಯವರು ತಿಳಿಸಿದರು. ಅವಳು ತಿರುಗಿ ನೋಡಿ ಒಪ್ಪಿಕೊಂಡಳು. ಒಪ್ಪಿಕೊಂಡವಳ ಮೇಲೆ ಅವರಿಗೆ ನಂಬಿಕೆ ಬಂತು. ಆಮೇಲೆ, ಮಗಳು ಹೇಳಿದ್ದಾರೆ, ಏನನ್ನಾದರೂ ಕೇಳುವುದನ್ನೇ ಯಾಕೆ ಬಿಟ್ಟಿರಿ ಎಂದಳು.

"ಕೇಳಿದ್ದು ಸಿಕ್ಕಿಬಿಡ್ತು. ಅದಕ್ಕೆ."

ಹೆಂಡತಿಯನ್ನು ಉಳಿಸಿಕೊಡೆಂದು ನಾಲ್ಕು ತಿಂಗಳು ದಿನವೂ ದೇವರನ್ನು ಬೇಡಿದ್ದನ್ನು ಹೇಳಿದರು. ಕೊನೆಯ ದಿನ ಅವಳ ಸಂಕಟ ನೋಡಲಾರದೆ, ಸಾಕು, ಕರೆದುಕೋ ಎಂದಿದ್ದರು. ಒಂದು ಗಂಟೆಯೊಳಗೆ ಅವಳು ಹೋದಳು.

"ನನ್ನ ಜನ್ಮದಲ್ಲಿ ಯಾವ ಅರ್ಜಿಗೂ ಅಷ್ಟು ಬೇಗ ಉತ್ತರ ಬಂದಿಲ್ಲ ತಾಯಿ. ನಾನೇ ಅವಳನ್ನ ಕಳಿಸಿಬಿಟ್ಟೆ."

ಸಮಾಲೋಚಕಿ ಬರೆದುಕೊಳ್ಳಲು ಪರದೆಯಿಂದ ಕೆಳಗೆ ಬಗ್ಗಿದಳು. ಸಂಪರ್ಕ ಹೋಯಿತೆಂದು ಮೇಸ್ತ್ರಿಯವರು ಟ್ಯಾಬ್ಲೆಟ್ಟನ್ನು ಬೆರಳಿನಿಂದ ತಟ್ಟಿದರು. ಆಗ ಅವಳು, ತಕ್ಕಡಿ ಸರಿಯಿದೆಯೆಂದು ಮುದ್ರೆ ಒತ್ತುವ ಮೊದಲು ಎಷ್ಟು ಸಲ ತೂಗುತ್ತೀರಿ ಎಂದು ಕೇಳಿದಳು. ಹತ್ತು ಸಲ, ಒಂದೇ ಸಲದ ತೂಕಕ್ಕೆ ಒತ್ತುವವನು ಮೇಸ್ತ್ರಿಯೇ ಅಲ್ಲ ಎಂದರು.

"ನಾಲ್ಕು ತಿಂಗಳು ಕೇಳಿದ್ದು ಆಗ್ಲಿಲ್ಲ. ಒಂದು ಸಲ ಕೇಳಿದ್ದು ಆಯ್ತು. ಆ ಒಂದಕ್ಕೇ ಒತ್ತಿಬಿಟ್ರಲ್ಲ?"

ಮಾತು ಚೆನ್ನಾಗಿದೆ, ಎದೆಗೆ ಇಳಿಯಲಿಲ್ಲ ಎಂದು ಮೇಸ್ತ್ರಿಯವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಷ್ಟರಲ್ಲಿ ವೇಳೆ ಮುಗಿಯಿತು.

ಹೆಡ್‌ಫೋನ್ ತೆಗೆದು ತಿರುಗಿದರೆ ಮಗಳು ಅರ್ಧ ಸಿಪ್ಪೆ ತೆಗೆದ ಆಲೂಗಡ್ಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅದನ್ನ ಹಾಕಿದ್ದು ಕಿವಿಗಪ್ಪಾ, ಬಾಯಿಗಲ್ಲ."

"ಎಷ್ಟು ಕೇಳಿಸ್ತು?"

"ಪಕ್ಕದ ಮನೆಯೋರು ಕಿಟಕಿ ತೆಗೆದ್ರು."

ಮೇಸ್ತ್ರಿಯವರು ತಲೆ ತಗ್ಗಿಸಿದರು. ತಾಯಿಯನ್ನು ಕಳಿಸಿದವನಿಗೆ ಮಗಳು ಏನು ಹೇಳಬಹುದೋ ಅದಕ್ಕೆಲ್ಲ ತಯಾರಾಗಿ ಕೂತರು. ಅವಳು ಎದುರಿನ ಸ್ಟೂಲಿನ ಮೇಲೆ ಕೂತಳು.

"ನಾನು ಅವತ್ತು ಬೆಳಿಗ್ಗೆನೇ ದೇವರನ್ನ ಕೇಳ್ಕೊಂಡಿದ್ದೆ. ನೀವು ಹಾಲು ತರೋಕೆ ಹೋಗಿದ್ರಲ್ಲ, ಆಗ."

"ಏನಂತ?"

"ನೀವು ಕೇಳಿದ್ದನ್ನೇ."

ಮೇಸ್ತ್ರಿಯವರು ಮನಸ್ಸಿನಲ್ಲೇ ಗಂಟೆ ಎಣಿಸಿದರು. "ನಿನ್ನದು ನನಗಿಂತ ಆರು ತಾಸು ಮುಂಚೆ. ನಡೀಲಿಲ್ಲ."

"ಇಲ್ಲ." ಅವಳು ಆಲೂಗಡ್ಡೆ ಸುಲಿಯುವುದನ್ನು ಮುಂದುವರಿಸಿದಳು. ಕಣ್ಣೀರು ಅದರ ಮೇಲೇ ಬೀಳುತ್ತಿತ್ತು. "ಅಮ್ಮ ನಮ್ಮಿಬ್ಬರ ಮಾತು ಯಾವತ್ತು ಕೇಳಿದಾಳೆ? ಹೊರಡೋದಕ್ಕೆ ಮಾತ್ರ ಕೇಳ್ತಾಳಾ?"

ಇಲ್ಲವೆಂದು ಮೇಸ್ತ್ರಿಯವರು ಒಪ್ಪಿಕೊಂಡರು. ಮದುವೆಯಾದ ದಿನದಿಂದಲೂ ಕೇಳಿದವಳಲ್ಲ.

ಆ ಸಂಜೆ ಅವರು ಕೈಕಾಲು ತೊಳೆದು ದೇವರ ಮುಂದೆ ಕೂತರು. ಮೊದಲು ಚಿಕ್ಕದೊಂದನ್ನು ಕೇಳಿ ನೋಡೋಣವೆಂದುಕೊಂಡು, ಮಗಳ ಹಳೆಯ ಮೊಣಕಾಲು ನೋವು ವಾಸಿಮಾಡೆಂದು ಬೇಡಿಕೊಂಡರು.

ಬೆಳಿಗ್ಗೆ ಎದ್ದ ಕೂಡಲೆ ವಿಚಾರಿಸಿದರು. ನೋವು ಹಾಗೇ ಇತ್ತು. ಮೇಸ್ತ್ರಿಯವರಿಗೆ ಎಷ್ಟೋ ಸಮಾಧಾನವಾಯಿತು.