ಹಿಂದಿನ ಮೆಟ್ಟಿಲಿನ ಬೀಗ

"ತಲೆ ಕಡೆ ಮೇಲಕ್ಕೆತ್ತಿ, ನಿಧಾನ," ಎಂದು ಈಶ್ವರಪ್ಪ ಹೇಳುತ್ತಲೇ ಇದ್ದರು. ಸರ್ವಿಸ್ ಲಿಫ್ಟಿನಲ್ಲಿ ಚಟ್ಟವನ್ನು ಮಲಗಿಸಿಕೊಂಡು ಹೋಗುವಷ್ಟು ಜಾಗವಿರಲಿಲ್ಲ. ಓರೆ ಮಾಡಿ ನೋಡಿದರು, ಆಗಲಿಲ್ಲ. ಕಡೆಗೆ ನೆಟ್ಟಗೇ ನಿಲ್ಲಿಸಿ ಇಬ್ಬರು ಎದೆಗೆ ಕೈ ಕೊಟ್ಟು ಹಿಡಿದರು. ಬದುಕಿಡೀ ಮೇಲಿನವರ ಮುಂದೆ ಸ್ವಲ್ಪ ಬಗ್ಗಿಯೇ ನಿಂತಿದ್ದ ಏಕನಾಥರು ಹೋಗುವಾಗ ಮಾತ್ರ ಸೆಟೆದು ನಿಂತು ಹೋದರು. ಬಾಗಿಲು ಮುಚ್ಚುತ್ತಿದೆ ಎಂದು ಲಿಫ್ಟಿನೊಳಗಿನ ಹೆಣ್ಣು ದನಿ ಎಂದಿನ ಹಾಗೆ ಇಂಗ್ಲಿಷಿನಲ್ಲಿ ಹೇಳಿತು. ಹೆಂಡತಿ ಲೀಲಮ್ಮನ ಎದುರಿಗೇ ಬಾಗಿಲು ಮುಚ್ಚಿತು.

ಈಶ್ವರಪ್ಪ ಗಂಡನ ಹಳೆಯ ಕಚೇರಿಯ ಗೆಳೆಯರು. ಇಬ್ಬರೂ ಕೇಂದ್ರ ಸರ್ಕಾರದ ಒಂದೇ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಅಲ್ಲೇ ನಿವೃತ್ತರಾದವರು. ಬೆಳಗಾಗುವ ಮೊದಲೇ ದೆಹಲಿಯ ರೋಹಿಣಿ ಬಡಾವಣೆಯಿಂದ ಹೊರಟು ಬಂದು ಎಲ್ಲವನ್ನೂ ಅವರೇ ನಿಂತು ಮಾಡಿಸುತ್ತಿದ್ದರು. ಮಗ ಪೃಥ್ವಿಗೆ ಇದೆಲ್ಲ ಏನು ಗೊತ್ತು, ಪಾಪ. ದೆಹಲಿಯಲ್ಲೇ ಹುಟ್ಟಿ ಬೆಳೆದವನು, ಪುರೋಹಿತರು ಕನ್ನಡದಲ್ಲಿ ಹೇಳಿದ್ದನ್ನು ಹಿಂದಿಯಲ್ಲಿ ಇನ್ನೊಮ್ಮೆ ಕೇಳಿಕೊಂಡು ಮಾಡುತ್ತಿದ್ದ.

ಲೀಲಮ್ಮ ಮನೆಯೊಳಗೆ ಬಂದಳು. ಬಾಗಿಲ ಪಕ್ಕದಲ್ಲಿ ಬಲಗಾಲಿನ ಕರಿ ಬೂಟು ಒಂದೇ ಕೂತಿತ್ತು. ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ ಅವಳು. ನಿನ್ನೆ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು ಎಡಗಾಲಿಗೆ ಹಾಕಿಕೊಂಡು, ಬಲಗಾಲಿಗೆಂದು ಬಗ್ಗಿದವರು ಮತ್ತೆ ಏಳಲಿಲ್ಲ. ಹೃದಯ, ಎಂದರು ಡಾಕ್ಟರು.

"ಮಯೂರೀನ ಹಾಸ್ಟೆಲ್ಲಿಂದ ಕರಕೊಂಡು ಬಂದುಬಿಡ್ತೀನಿ ಕಣೇ," ಎಂದಿದ್ದರು ಬಗ್ಗುವ ಮುಂಚೆ. "ಆ ಹಿಂದಿನ ಮೆಟ್ಟಿಲಿನ ಬೀಗ ತೆಗೆಯೋ ತನಕ ಹುಡುಗಿ ನಮ್ಮನೇಲೇ ಇರಲಿ. ಒಳಗಿನ ರೂಮು ಗುಡಿಸಿಡು."

ಲೀಲಮ್ಮ ಗುಡಿಸಿಯೂ ಇಟ್ಟಿದ್ದಳು. ಹೊಸ ಚಾದರ ಹಾಸಿದ ಆ ಮಂಚ ಹಾಗೇ ಕಾಯುತ್ತಿತ್ತು.

ಗಂಡಸರು ಅತ್ತ ಹೋದ ಮೇಲೆ, ನಿವೃತ್ತಿಯ ನಂತರ ಏಕನಾಥರು ಕೆಲಸಕ್ಕೆ ಹೋಗುತ್ತಿದ್ದ ಕಾಲೇಜಿನಿಂದ ಮನೋಜ್ ಬಂದ. ಅಡ್ಮಿಷನ್ ವಿಭಾಗಕ್ಕೆಲ್ಲ ಅವನೇ ದೊಡ್ಡವನು. ದೊಡ್ಡ ಹೂವಿನ ಚಕ್ರ ತಂದಿದ್ದ, ಅದರ ನಡುವೆ ಕಾಲೇಜಿನ ಹೆಸರು. ಲೀಲಮ್ಮನ ಕಾಲು ಮುಟ್ಟಿ, ಸರ್ ನಮಗೆಲ್ಲ ತಂದೆಯ ಹಾಗಿದ್ದರು ಎಂದು ಹಿಂದಿಯಲ್ಲಿ ಹೇಳಿದ. ಅವನ ಕಣ್ಣಲ್ಲಿ ನೀರೂ ಇತ್ತು, ಸುಳ್ಳು ಹೇಳಬಾರದು.

ಆ ಬೀಗ ತೆಗೆದಿರೇನಪ್ಪ ಎಂದು ಲೀಲಮ್ಮ ಕೇಳಿದಳು. ಮನೋಜ್ ಹೂವಿನ ಚಕ್ರವನ್ನು ಗೋಡೆಗೆ ಒರಗಿಸಿದ. ಅಡ್ಮಿಷನ್ ಸೀಸನ್ ಮುಗಿಯಲಿ, ಆಮೇಲೆ ನೋಡೋಣ, ಇವತ್ತು ಆ ಮಾತು ಯಾಕೆ ಎಂದ. ಎದ್ದು ನಿಂತು ಕೈ ಮುಗಿದ. "ಸರ್ ಎಲ್ಲೂ ಹೋಗಿಲ್ಲ ಆಂಟಿ. ನಮ್ಮ ಜೊತೆಗೇ ಇರ್ತಾರೆ."

ಎಲ್ಲರೂ ಹೇಳುವ ಮಾತು ಎಂದುಕೊಂಡಳು ಲೀಲಮ್ಮ.

*

ನಿವೃತ್ತಿಯ ದುಡ್ಡಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಫ್ಲ್ಯಾಟು ತೆಗೆದುಕೊಂಡಾಯಿತು, ಆದರೆ ಮನೆಯಲ್ಲಿ ಕೂತಿರುವುದು ಏಕನಾಥರ ಜಾತಕದಲ್ಲೇ ಇರಲಿಲ್ಲ. ಹತ್ತಿರದ ಖಾಸಗಿ ಕಾಲೇಜೊಂದಕ್ಕೆ ಹೋಗಿ, ಸೇರಲು ಬರುವ ಮಕ್ಕಳ ತಂದೆತಾಯಿಗೆ ಕ್ಯಾಂಪಸ್ ತೋರಿಸುವ ಕೆಲಸ ಹಿಡಿದರು. ಮೊದಲ ಮೀಟಿಂಗಿನಿಂದ ಬಂದ ದಿನ ನಕ್ಕಿದ್ದೇ ನಕ್ಕಿದ್ದು. ಕಸ್ಟಮರ್‌ಗೆ ಏನು ಬೇಕು, ಕಸ್ಟಮರ್ ಯಾವುದಕ್ಕೆ ಬೆಲೆ ಕೊಡುತ್ತಾನೆ ಎಂದು ಮನೋಜ್ ಇಡೀ ಮಧ್ಯಾಹ್ನ ಪರದೆಯ ಮೇಲೆ ಚಿತ್ರ ತೋರಿಸಿದನಂತೆ. "ನಮ್ಮ ಕಾಲದಲ್ಲಿ ಸರಸ್ವತಿ ಇದ್ದಳು ಕಣೇ. ಈಗ ಗಿರಾಕಿ ಇದ್ದಾನೆ."

ನಕ್ಕರೂ ಆ ಪ್ರಶ್ನೆ ಅವರ ತಲೆಯಲ್ಲಿ ಕೂತುಬಿಟ್ಟಿತು. ತಂದೆತಾಯಿಯ ಬಾಯಿ ಏನು ಹೇಳುತ್ತದೆ ಎಂಬುದನ್ನು ಬಿಟ್ಟು ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ನೋಡತೊಡಗಿದರು. ಲ್ಯಾಬು ತೋರಿಸಿದರೆ ಮರ್ಯಾದೆಗೆ ತಲೆಯಾಡಿಸುತ್ತಿದ್ದರು. ಲೈಬ್ರರಿಯಲ್ಲಿ ಗಡಿಯಾರ ನೋಡುತ್ತಿದ್ದರು. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟಿಗೆ ಬಂದರೆ ಸಾಕು, ಅಷ್ಟು ಹೊತ್ತು ತುಟಿ ಬಿಚ್ಚದಿದ್ದ ತಾಯಿ ಮುಂದೆ ಬಂದು ಚಿಲಕ ಮುಟ್ಟಿ ನೋಡುತ್ತಿದ್ದಳು. ಬರೇಲಿಯ ಒಬ್ಬ ತಂದೆ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಅದು ಅಲ್ಲಾಡಲಿಲ್ಲವೆಂದು ಸಮಾಧಾನದ ಉಸಿರು ಬಿಟ್ಟನಂತೆ. ಅಂದಿನಿಂದ ಏಕನಾಥರು ಪ್ರತಿ ಗೇಟಿನ ಬೀಗವನ್ನೂ ಎಲ್ಲರೆದುರು ಎರಡು ಸಲ ಜಗ್ಗಿ ತೋರಿಸುವ ರೂಢಿ ಮಾಡಿಕೊಂಡರು.

ಇನ್ನೊಂದು ರೂಢಿ ಅವರದೇ, ಊರಿನಿಂದ ತಂದದ್ದು. ಯಾರೇ ಫೋನ್ ಮಾಡಲಿ, ಮೊದಲು ಊಟ ಆಯಿತೇ ಎಂದು ಕೇಳಬೇಕು. ಮೇರಠ್ ಕಡೆಯ ಜನರಿಗೂ "ಖಾನಾ ಖಾಯಾ?" ಎಂದೇ ಶುರು ಮಾಡುತ್ತಿದ್ದರು. ಅವರು ಮೊದಲು ಕಕ್ಕಾಬಿಕ್ಕಿಯಾಗುತ್ತಿದ್ದರು, ಆಮೇಲೆ ಅದಕ್ಕೇ ಕರಗಿಹೋಗುತ್ತಿದ್ದರು.

ಮುಂದಿನ ಮೀಟಿಂಗಿನಲ್ಲಿ ಏಕನಾಥರು ಹೇಳಿದರು. ಲ್ಯಾಬು ಮಕ್ಕಳಿಗೆ ಬೇಕು, ತಂದೆತಾಯಿಗೆ ಬೇಕಾದ್ದು ಎರಡೇ: ಬೀಗ, ಮತ್ತೆ ಫೋನ್ ಎತ್ತುವ ಮನುಷ್ಯ.

ಎರಡೂ ಬಂದವು. ಹಾಸ್ಟೆಲ್ಲಿನ ಮೂಲೆಮೂಲೆಗೆ ಬೀಗ ಬಿತ್ತು, ಹಿಂದಿನ ಮೆಟ್ಟಿಲಿಗೂ. ಹೆದ್ದಾರಿಯ ಬೋರ್ಡುಗಳ ಮೇಲೆ ಏಕನಾಥ್ ಅಂಕಲ್ ನಂಬರ್ ಎಂದು ಫೋನ್ ನಂಬರು ಬಿತ್ತು. ಆ ವರ್ಷ ಸೀಟೆಲ್ಲ ತುಂಬಿತು. ಊರಿನ ಪಕ್ಕದ ಮನೆಯ ಅಹಲ್ಯಾ ಕೂಡ, ನೀವಿದ್ದೀರಲ್ಲ ಅಣ್ಣ ಎಂದು ದಾವಣಗೆರೆಯಿಂದ ತನ್ನ ಒಬ್ಬಳೇ ಮಗಳು ಮಯೂರಿಯನ್ನು ತಂದು ಸೇರಿಸಿದಳು. ಲೋಕಲ್ ಗಾರ್ಡಿಯನ್ ಏಕನಾಥರೇ.

ಆಮೇಲೆ ಕೆಲವು ದಿನ ಅವರನ್ನು ಗಾಜಿನ ಕೋಣೆಯೊಂದರಲ್ಲಿ ಕೂರಿಸಿ, ಹಿಂದಿಯಲ್ಲೂ ಕನ್ನಡದಲ್ಲೂ ನೂರಾರು ಮಾತು ಓದಿಸಿ ರೆಕಾರ್ಡ್ ಮಾಡಿಕೊಂಡರು. ಹೊಸದಾಗಿ ಸೇರುವವರಿಗೆ ಕಲಿಸಲು ಇರಬೇಕು ಎಂದು ಮನೆಗೆ ಬಂದು ಹೆಮ್ಮೆಯಿಂದಲೇ ಹೇಳಿದ್ದರು.

*

ಮಧ್ಯಾಹ್ನ ಗಂಡಸರು ಬಂದು ಸ್ನಾನ ಮಾಡಿದರು. ಲೀಲಮ್ಮನಿಗೂ ತಲೆಗೆ ನೀರು ಹಾಕಿದರು. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಾಯಿತು. ಎದುರು ಫ್ಲ್ಯಾಟಿನವರು ಖಿಚಡಿ ತಂದಿಟ್ಟರು. ಎಲ್ಲರೂ ಒತ್ತಾಯ ಮಾಡಿದರೂ ಲೀಲಮ್ಮನಿಗೆ ಒಂದು ತುತ್ತೂ ಇಳಿಯಲಿಲ್ಲ.

ಆಗ ಪೃಥ್ವಿಯ ಮೊಬೈಲಿಗೆ ಮಯೂರಿಯ ಮೆಸೇಜು ಬಂತು. ಅವನು ಓದಿ ಹೇಳಿದ. ಗೇಟ್ ಪಾಸ್ ಕೊಡಲಿಲ್ಲವಂತೆ, ಮಾವನ ಮುಖ ನೋಡಲೂ ಬಿಡಲಿಲ್ಲವಂತೆ. ಕಡೆಯ ಸಾಲು ಓದುವಾಗ ಅವನ ದನಿ ಇಳಿಯಿತು. ಮೂರನೇ ಮಹಡಿಯ ಕರೆಂಟ್ ಬೋರ್ಡಿನ ಹತ್ತಿರ ಇವತ್ತೂ ಸುಟ್ಟ ವಾಸನೆ ಬರುತ್ತಿದೆ, ನಿನ್ನೆಗಿಂತ ಜಾಸ್ತಿ.

*

ಆ ವಾಸನೆ ಲೀಲಮ್ಮನಿಗೆ ಗೊತ್ತಿತ್ತು. ಹೋದ ತಿಂಗಳು ಏಕನಾಥರ ಅಂಗಿಯಿಂದ ಅದನ್ನು ಒಗೆದು ತೆಗೆಯಲು ಅವಳಿಗೆ ಸಾಕುಬೇಕಾಗಿತ್ತು.

ಅವತ್ತು ಮೂರನೇ ಮಹಡಿಯ ಏಸಿಯೊಂದು ಹೊತ್ತಿಕೊಂಡು ಮುಂದಿನ ಮೆಟ್ಟಿಲ ತುಂಬ ಹೊಗೆ ತುಂಬಿತ್ತು. ಹುಡುಗಿಯರು ಹಿಂದಿನ ಮೆಟ್ಟಿಲಿಗೆ ಓಡಿದರೆ ಅಲ್ಲಿ ಬೀಗ. ಬೀಗದ ಕೈ ವಾರ್ಡನ್ ಹತ್ತಿರ, ವಾರ್ಡನ್ ಮಾರ್ಕೆಟ್ಟಿನಲ್ಲಿ. ಹುಡುಗಿಯರು ಒಳಗಿನಿಂದ ಬಾಗಿಲು ಬಡಿಯುತ್ತಿದ್ದರೆ ಏಕನಾಥರು ಹೊರಗಿನಿಂದ ಇಟ್ಟಿಗೆಯಲ್ಲಿ ಬೀಗ ಜಜ್ಜುತ್ತಿದ್ದರು. ಒಳ್ಳೆಯ ಬೀಗ, ಒಡೆಯಲಿಲ್ಲ. ಹೊಗೆ ತಾನಾಗಿಯೇ ಕಡಿಮೆಯಾಯಿತು, ಯಾರಿಗೂ ಏನೂ ಆಗಲಿಲ್ಲ. ಸಣ್ಣ ವಿಷಯ ಎಂದಿತು ಕಾಲೇಜು.

ಏಕನಾಥರು ಮಸಿ ಹಿಡಿದ ಕೈಯಲ್ಲೇ ಬಂದು ಊಟದ ಮೇಜಿನ ಮುಂದೆ ಕೂತರು. ಅನ್ನ ಕಲಸಲಿಲ್ಲ. "ನಾನೇ ಹಾಕಿಸಿದ್ದು ಕಣೇ ಅದನ್ನ," ಎಂದರು. ಲೀಲಮ್ಮ ಆ ಕೈಗಳನ್ನು ಹಿಡಿದುಕೊಂಡಳು. ಮದುವೆಯಾದಾಗಿನಿಂದ ಅವರು ಹಾಗೆ ಹೆದರಿದ್ದನ್ನು ಅವಳು ನೋಡಿರಲಿಲ್ಲ.

ಬೀಗ ತೆಗೆಸಿ ಎಂದು ಮರುದಿನವೇ ಹೋಗಿ ಕೇಳಿದರು. ನಮ್ಮ ಸಮೀಕ್ಷೆಯಲ್ಲಿ ತಂದೆತಾಯಿ ಅತಿ ಹೆಚ್ಚು ಅಂಕ ಕೊಟ್ಟಿರುವುದೇ ಬೀಗಕ್ಕೆ, ನೀವೇ ಅಲ್ಲವೇ ಸರ್ ನಮಗೆ ಹೇಳಿಕೊಟ್ಟದ್ದು ಎಂದ ಮನೋಜ್. ಏಕನಾಥರು ಸುಮ್ಮನಿರಲಿಲ್ಲ. ಫೋನ್ ಮಾಡಿದ ತಂದೆತಾಯಿಗೆಲ್ಲ, ಬಂದು ಹಿಂದಿನ ಬೀಗ ತೆಗೆಸಿ ಎಂದು ಹೇಳತೊಡಗಿದರು. ವಾರದೊಳಗೆ ಕಾಲೇಜು ತಾನು ಕೊಟ್ಟಿದ್ದ ಫೋನನ್ನು ಅವರಿಂದ ವಾಪಸು ಇಸಿದುಕೊಂಡಿತು. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮನೆಗೆ ಕಳಿಸಿತು.

*

ಮಯೂರಿಯನ್ನು ಹೊರಗೆ ಬಿಡಬೇಕಾದರೆ ಅವಳ ತಾಯಿ ಕಾಲೇಜಿಗೆ ಒಂದು ಫೋನ್ ಮಾಡಿದರೆ ಸಾಕು. ಲೀಲಮ್ಮ ದಾವಣಗೆರೆಗೆ ಫೋನ್ ಹಚ್ಚಿಸಿದಳು. ಅಣ್ಣ ಹೋಗಿಬಿಟ್ಟರು ಅಹಲ್ಯಾ, ಎಂದಳು. ಅತ್ತಲಿಂದ ಅಳು ಬರುತ್ತದೆ ಎಂದುಕೊಂಡಿದ್ದಳು.

"ಏನತ್ತಿಗೆ ಹಿಂಗಂತೀರಿ?" ಎಂದಳು ಅಹಲ್ಯಾ. "ಬೆಳಿಗ್ಗೆ ಮಯೂರಿನೂ ಹಿಂಗೇ ಏನೋ ಅತ್ತಳು. ನನಗೆ ಜೀವಾನೇ ಹೋದಂಗಾಗಿ ತಕ್ಷಣ ಅಣ್ಣನ ನಂಬರಿಗೆ ಮಾಡಿದೆ. ಅಣ್ಣನೇ ಎತ್ತಿದ್ರಲ್ಲ! ಊಟ ಆಯ್ತಾ ಅಂತ ಕೇಳಿದ್ರು. ಅಪಶಕುನದ ಮಾತಾಡಬೇಡ ಅಂತ ಆ ಹುಡುಗಿಗೆ ಸರಿಯಾಗಿ ಬೈದೆ."

ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಪೃಥ್ವಿಗೆ ಅಪ್ಪ ಗಾಜಿನ ಕೋಣೆಯಲ್ಲಿ ಕೂತು ಓದಿದ ಮಾತುಗಳು ನೆನಪಾದವು. ಪೃಥ್ವಿ ಫೋನ್ ಕಸಿದುಕೊಂಡು, ಅದು ಅಪ್ಪ ಅಲ್ಲ, ಕಂಪ್ಯೂಟರು, ಅಪ್ಪನ ದನಿ ರೆಕಾರ್ಡ್ ಮಾಡಿಕೊಂಡು ಕಂಪ್ಯೂಟರ್ ಕೈಲಿ ಮಾತಾಡಿಸ್ತಿದ್ದಾರೆ ಎಂದು ತನ್ನ ಅರ್ಧ ಹಿಂದಿ ಕನ್ನಡದಲ್ಲಿ ವಿವರಿಸಿದ. ಅಹಲ್ಯಾ ಅವನ ಮಾತನ್ನು ಪೂರ್ತಿ ಕೇಳಲಿಲ್ಲ. ಮಗಳನ್ನು ಎಲ್ಲಿಗೂ ಕಳಿಸಬೇಡ, ಒಳಗೇ ಕ್ಷೇಮ ಎಂದು ಅಣ್ಣನೇ ಹೇಳಿದ್ದಾರೆ, ನಿಮ್ಮ ಮನೆಯಲ್ಲಿ ಏನು ಜಗಳವೋ ನನಗೆ ತಿಳಿಯದು, ಇನ್ನೊಂದು ಸಲ ಅವರನ್ನೇ ಕೇಳುತ್ತೇನೆ ಎಂದು ಫೋನಿಟ್ಟಳು. ಆಮೇಲೆ ಎಷ್ಟು ಮಾಡಿದರೂ ಅವಳ ನಂಬರು ಬಿಜಿ.

ಲೀಲಮ್ಮ ಎದ್ದು ಒದ್ದೆ ತಲೆಗೆ ಸೆರಗು ಹೊದ್ದಳು. ಇವತ್ತು ಹೊಸಿಲು ದಾಟಬಾರದಮ್ಮ ಎಂದು ಈಶ್ವರಪ್ಪ ಅಡ್ಡ ಬಂದರು. ಪೃಥ್ವಿ ನಾಳೆ ಹೋಗೋಣ ಎಂದ.

"ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ರು ಅವರು," ಎಂದಳು ಲೀಲಮ್ಮ. "ಉಳಿದದ್ದು ನಾನು ಮುಗಿಸಿ ಬರ್ತೀನಣ್ಣ. ಸೂತಕ ಬೆಂಕಿಗೆ ಗೊತ್ತಾಗುತ್ತಾ?"

ಈಶ್ವರಪ್ಪ ಪಕ್ಕಕ್ಕೆ ಸರಿದು ನಿಂತರು.

ಕಾರಿನಲ್ಲಿ ಹೋಗುತ್ತಲೇ ಪೃಥ್ವಿ ಅಗ್ನಿಶಾಮಕ ದಳಕ್ಕೂ ಫೋನ್ ಮಾಡಿದ. ಬೆಂಕಿ ಕಾಣುತ್ತಿದೆಯೇ ಎಂದು ಕೇಳಿದರು. ವಾಸನೆ ಮಾತ್ರ ಎಂದಾಗ, ಯಾರನ್ನಾದರೂ ಕಳಿಸುತ್ತೇವೆ ಎಂದರು. ರಸ್ತೆ ಪಕ್ಕದ ಬೋರ್ಡುಗಳಲ್ಲಿ ಏಕನಾಥರು ಕೈ ಮುಗಿದು ನಗುತ್ತಾ ಒಂದಾದ ಮೇಲೊಂದು ಹಿಂದೆ ಸರಿದರು. ಲೀಲಮ್ಮ ಕಣ್ಣು ಮುಚ್ಚಿಕೊಂಡಳು.

ಸಂಜೆಯ ಬೆಳಕು ಇನ್ನೂ ಇತ್ತು. ಹಾಸ್ಟೆಲ್ ಗೇಟಿನ ಕಾವಲುಗಾರ ಅವಳನ್ನು ಗುರುತು ಹಿಡಿದು ಟೋಪಿ ತೆಗೆದ. ಸಾಹೇಬರು ನನ್ನ ಮಗಳ ಮದುವೆಗೂ ಬಂದಿದ್ದರು ಮಾತಾಜೀ ಎಂದು ಕಣ್ಣೊರೆಸಿಕೊಂಡ. ಆದರೆ ಮಯೂರಿಯನ್ನು ಬಿಡಲು ತನಗೆ ಅಧಿಕಾರವಿಲ್ಲ. ತಾಯಿ ಹೇಳಬೇಕು, ಇಲ್ಲವೇ ಲೋಕಲ್ ಗಾರ್ಡಿಯನ್ ಬರಬೇಕು. ಆ ಗಾರ್ಡಿಯನ್ನನ್ನೇ ಇವತ್ತು ಸುಟ್ಟು ಬಂದೆವಲ್ಲಪ್ಪ ಎಂದಳು ಲೀಲಮ್ಮ. ಅವನು ತಲೆ ತಗ್ಗಿಸಿದ. ಏನು ಮಾಡಲಿ, ಫೋನು ಹೇಳಿದಂತೆ ನಾವು ಕೇಳಬೇಕು ಎಂದು ಅಂಕಲ್ ನಂಬರು ಒತ್ತಿ ಸ್ಪೀಕರಿಗೆ ಹಾಕಿದ.

"ನಮಸ್ತೇ ಜೀ. ಖಾನಾ ಖಾಯಾ?"

ಅವರದೇ ದನಿ. ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಆ ಸಣ್ಣ ಕೆಮ್ಮೂ ಅವರದೇ. ಬೆಳಿಗ್ಗೆಯಷ್ಟೇ ಮಗ ಕೊಳ್ಳಿಯಿಟ್ಟ ಬಾಯಿ ಅದು. ಲೀಲಮ್ಮನಿಗೆ ಎಲ್ಲ ಗೊತ್ತಿತ್ತು, ಕಾರಿನಲ್ಲಿ ಮಗ ಮತ್ತೆ ಮತ್ತೆ ಹೇಳಿದ್ದ. ಗೊತ್ತಿದ್ದೂ ಬಾಯಿ ತಾನಾಗಿಯೇ ತೆರೆಯಿತು.

"ರೀ," ಎಂದಳು. "ನಾನು ಕಣ್ರೀ. ಮಯೂರೀನ ಬಿಡೋಕೆ ಹೇಳಿ."

ಕನ್ನಡ ಕೇಳಿದ್ದೇ ಅದು ಕನ್ನಡಕ್ಕೆ ತಿರುಗಿತು.

"ನಮಸ್ಕಾರ. ಊಟ ಆಯ್ತಾ? ಮಯೂರಿಯ ತಾಯಿಯವರ ಇಚ್ಛೆಯಂತೆ ಅವಳು ಒಳಗೇ ಇದ್ದಾಳೆ. ಹಿಂದಿನ ಮೆಟ್ಟಿಲಿಗೂ ಬೀಗ ಹಾಕಿದೆ. ನೀವು ನಿಶ್ಚಿಂತೆಯಾಗಿರಿ."

"ಊಟ ಆಗಿಲ್ಲ ರೀ," ಎಂದಳು ಲೀಲಮ್ಮ. ಗೇಟಿನ ಸರಳು ಹಿಡಿದುಕೊಂಡೇ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ನಾನು ಇಲ್ಲಿಂದ ಏಳುವುದಿಲ್ಲ ಎಂದು ಕಾವಲುಗಾರನಿಗೆ ಹೇಳಿದಳು. ಪೃಥ್ವಿ ಮತ್ತೆ ಅಗ್ನಿಶಾಮಕ ದಳಕ್ಕೆ ಫೋನ್ ಹಚ್ಚುತ್ತಿದ್ದ.

ಕಾವಲುಗಾರ ಅವಳ ಮುಖ ನೋಡಲಾರದೆ ತಿರುಗಿದ. ಕಟ್ಟಡದ ಪಕ್ಕಕ್ಕೆ ಹೋಗಿ, ಸಾಹೇಬರು ಕಲಿಸಿಕೊಟ್ಟಂತೆ, ಹಿಂದಿನ ಮೆಟ್ಟಿಲಿನ ಬೀಗವನ್ನು ಅವಳಿಗೆ ಕಾಣುವ ಹಾಗೆ ಎರಡು ಸಲ ಜಗ್ಗಿ ತೋರಿಸಿದ.

ಮೇಲೆ ಮೂರನೇ ಮಹಡಿಯಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಕಿಟಕಿಯ ಸರಳಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಎಲ್ಲರೂ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಿದ್ದರು.